ಟೋಕಿಯೋದಿಂದ ಹಾಕೋನೆ ಒಂದೇ ದಿನದಲ್ಲಿ: ಸುತ್ತಾಟದ ಜತೆ ಇಬ್ಬರಿಗೂ ಒಟ್ಟಿಗೆ ಬಿಸಿನೀರ ಸ್ನಾನ ಆಗುತ್ತಾ?

ಹೊಸಪಯಣ:
ನವೆಂಬರ್ ಮೊದಲ ವಾರ ನಾನು, ನನ್ನ ಹೆಂಡತಿ ಟೋಕಿಯೋದಲ್ಲಿ ಇರ್ತೀವಿ, ರೂಮು ಶಿಂಜುಕು ಹತ್ತಿರ. ಬಿಸಿನೀರ ಬುಗ್ಗೆಗಳ ಬೆಟ್ಟದೂರು ಹಾಕೋನೆಗೆ ಸಿಗೋದು ಒಂದೇ ದಿನ, ರಾತ್ರಿ ವಾಪಸ್ ಬರಲೇಬೇಕು. ಗಂಧಕದ ಹೊಗೆ ಏಳುವ ಓವಾಕುದಾನಿ, ಆಶಿ ಸರೋವರದ ಹಡಗು, ನೀರಲ್ಲಿ ನಿಂತ ಕೆಂಪು ತೋರಿ (ದೇಗುಲದ ಹೆಬ್ಬಾಗಿಲು), ಬಯಲು ಶಿಲ್ಪಗಳ ಮ್ಯೂಸಿಯಂ, ಕೊನೆಗೆ ಒನ್ಸೆನ್, ಅಂದರೆ ಬುಗ್ಗೆಯ ಬಿಸಿನೀರ ಸ್ನಾನ. ಇಷ್ಟೂ ಆಗುತ್ತಾ?

ನಮ್ಮ ಹತ್ತಿರ ಜೆ.ಆರ್. (ಜಪಾನ್ ರೈಲ್ವೆ) ಪಾಸ್ ಇದೆ, ಅದು ಸಾಕಾ? ಬಟ್ಟೆ ಇಲ್ಲದೆ ಗುರುತಿಲ್ಲದವರ ಮಧ್ಯೆ ಕೂರೋಕೆ ಅವಳಿಗೆ ಸಂಕೋಚ. ಗಂಡ ಹೆಂಡತಿ ಮಾತ್ರ ಇಳಿಯೋ ಕೊಳ ಸಿಗುತ್ತಾ? ತಾಳಿ, ಕಾಲುಂಗುರ ತೆಗೀಬೇಕಾ? ಇಬ್ಬರೂ ಸಸ್ಯಾಹಾರಿ, ಮೊಟ್ಟೆಯೂ ಇಲ್ಲ.

ಹಳಿ_ಹುಚ್ಚ:
ಮ್ಯೂಸಿಯಂ ಬಿಡಿ, ಮಿಕ್ಕಿದ್ದು ಆಗುತ್ತೆ. ಅದೊಂದಕ್ಕೇ ಎರಡು ಗಂಟೆ ಬೇಕು. ಮಳೆ ಅಥವಾ ಮೋಡ ಇದ್ದರೆ ಸರೋವರ ಬಿಟ್ಟು ಅದನ್ನು ನೋಡಿ, ಪಿಕಾಸೊಗಾಗಿಯೇ ಒಂದು ಕಟ್ಟಡ ಇದೆ, ಕಾಲು ಇಳಿಬಿಟ್ಟು ಕೂರೋ ಬಿಸಿನೀರ ತೊಟ್ಟಿಯೂ ಇದೆ.

ಜೆ.ಆರ್. ಪಾಸ್ ಒಡವಾರಾವರೆಗೆ ಮಾತ್ರ. ಅಲ್ಲಿಂದ ಮುಂದಿನ ಬೆಟ್ಟದ ರೈಲು, ರೋಪ್‌ವೇ, ಹಡಗು, ಬಸ್ಸು ಯಾವುದಕ್ಕೂ ನಡೆಯೋಲ್ಲ. ನೀವು ಶಿಂಜುಕುವಿನಲ್ಲೇ ಇರೋದರಿಂದ ಒಡಾಕ್ಯು ಲೈನಿನ ‘ಹಾಕೋನೆ ಫ್ರೀ ಪಾಸ್’ ತಗೊಳ್ಳಿ. ಎರಡು ದಿನದ್ದೇ ಅತಿ ಚಿಕ್ಕದು, ಒಂದು ದಿನಕ್ಕೂ ಅದೇ. ಹೋಗಿಬರುವ ಸಾಮಾನ್ಯ ರೈಲು, ಬೆಟ್ಟದ ರೈಲು, ಕೇಬಲ್ ಕಾರ್, ರೋಪ್‌ವೇ, ಕಡಲ್ಗಳ್ಳರ ಹಡಗಿನ ರೂಪದ ಸರೋವರದ ಹಡಗು, ತೋಜಾನ್ ಬಸ್ಸು ಎಲ್ಲಾ ಅದರಲ್ಲೇ. ‘ರೊಮಾನ್ಸ್‌ಕಾರ್’ ಎಕ್ಸ್‌ಪ್ರೆಸ್‌ಗೆ ಮಾತ್ರ ಹೆಚ್ಚುವರಿ ಟಿಕೆಟ್, ಸೀಟು ಒಂದು ತಿಂಗಳು ಮೊದಲು ತೆರೆಯುತ್ತೆ. ಅದರಲ್ಲಿ ಬೆಟ್ಟದ ಬುಡದ ಸ್ಟೇಷನ್ ಹಾಕೋನೆ ಯುಮೋಟೋಗೆ ಸುಮಾರು ಒಂದೂವರೆ ಗಂಟೆ. ಸಾಮಾನ್ಯ ರೈಲಲ್ಲಿ ಒಡವಾರಾದಲ್ಲಿ ಬದಲಾಯಿಸಿ ಹೋದರೆ ಎರಡು ಗಂಟೆ.

ದಿನವನ್ನು ಕೊನೆಯಿಂದ ಹಿಂದಕ್ಕೆ ಎಣಿಸಿ. ಸ್ನಾನದ ಹೊತ್ತನ್ನು ಮೊದಲು ಗಟ್ಟಿ ಮಾಡಿ, ಉದಾಹರಣೆಗೆ ಯುಮೋಟೋದಲ್ಲಿ ಸಂಜೆ 4ಕ್ಕೆ. ಹಾಗಾದರೆ ಆಶಿ ತೀರದ ಮೋಟೋ-ಹಾಕೋನೆಯಿಂದ 2.30ಕ್ಕೆ ಬಸ್ಸು ಹತ್ತಿರಬೇಕು. ಲೆಕ್ಕಕ್ಕೆ 40 ನಿಮಿಷ, ರಜೆಯ ದಿನ ಟ್ರಾಫಿಕ್ಕಲ್ಲಿ ಅದರ ಎರಡರಷ್ಟು. ಅದಕ್ಕೆ ಮುಂಚೆ ತೋರಿ ಹತ್ತಿರ ಫೋಟೋ ಕ್ಯೂ ಒಂದು ಗಂಟೆ ನುಂಗಬಹುದು. ಹೀಗೆ ಎಣಿಸುತ್ತಾ ಹೋದರೆ ಶಿಂಜುಕುವಿನಿಂದ 7ರ ಆಸುಪಾಸಲ್ಲಿ ಹೊರಡಲೇಬೇಕು. 9.30ಕ್ಕೆ ಹೊರಟು ‘ಆಗುತ್ತೆ ಬಿಡಿ’ ಅಂದುಕೊಂಡರೆ ಕೈಬಿಟ್ಟು ಹೋಗೋದು ಸ್ನಾನವೇ.

ಯುಮೋಟೋದಿಂದ ಗೋರಾಗೆ ಬೆಟ್ಟದ ರೈಲು, 40 ನಿಮಿಷ. ಕಡಿದಾದ ಕಡೆ ಪ್ರತಿ 12.5 ಮೀಟರಿಗೆ ಒಂದು ಮೀಟರ್ ಏರುತ್ತೆ. ಮೂರು ಕಡೆ ರೈಲು ನಿಂತು ದಿಕ್ಕು ಬದಲಿಸುತ್ತೆ. ಡ್ರೈವರ್, ಕಂಡಕ್ಟರ್ ಇಬ್ಬರೂ ಇಳಿದು ಪ್ಲಾಟ್‌ಫಾರ್ಮಲ್ಲಿ ನಡೆದು ತುದಿ ಅದಲುಬದಲು ಮಾಡ್ಕೊಳ್ತಾರೆ. ಏನೋ ಕೆಟ್ಟಿದೆ ಅಂತ ಇಳೀಬೇಡಿ. ಗೋರಾದಿಂದ ಕೇಬಲ್ ಕಾರಲ್ಲಿ ಸೋಉನ್‌ಜಾನ್, ಅಲ್ಲಿಂದ ರೋಪ್‌ವೇ ಹಿಡಿದು 1,044 ಮೀಟರ್ ಎತ್ತರದ ಓವಾಕುದಾನಿ. ಅಲ್ಲಿ ಮುಕ್ಕಾಲು ಗಂಟೆ ಸಾಕು. ಫುಜಿ ಕಾಣೋದು ಬೆಳಗ್ಗೆಯೇ, ಮಧ್ಯಾಹ್ನದ ಹೊತ್ತಿಗೆ ಸಾಮಾನ್ಯವಾಗಿ ಮೋಡ ಮುಸುಕುತ್ತೆ. ಮುಂದೆ ಅದೇ ರೋಪ್‌ವೇಯಲ್ಲಿ ಸರೋವರದ ದಂಡೆಯ ತೋಗೆಂದೈಗೆ ಇಳಿದು, ಮೋಟೋ-ಹಾಕೋನೆಗೆ ಹಡಗು.

ಬುಗ್ಗೆನೀರು:
ಹಳಿ_ಹುಚ್ಚ ಅವರ ಲೆಕ್ಕ ಸರಿ. ನಾನು ಸ್ನಾನದ್ದು ಹೇಳ್ತೀನಿ.

ನಿಮಗೆ ಬೇಕಾದ್ದಕ್ಕೆ ಜಪಾನಿನಲ್ಲಿ ‘ಕಾಶಿಕಿರಿ’ ಅಂತಾರೆ, ಗಂಟೆ ಲೆಕ್ಕದಲ್ಲಿ ಇಡೀ ಕೊಳ ಬಾಡಿಗೆಗೆ. ಬಾಗಿಲು ಹಾಕಿಕೊಂಡರೆ ನೀವಿಬ್ಬರೇ. ಯುಮೋಟೋ ಸ್ಟೇಷನ್ನಿಂದ ಉಚಿತ ಬಸ್ಸಿರುವ ‘ಹಾಕೋನೆ ಯುರ್ಯೋ’ದಲ್ಲಿ ಇಂಥ ಬಯಲು ಕೊಳದ ಕೋಣೆಗಳಿವೆ, ಹಗಲು ಬಂದು ಹೋಗುವವರಿಗೂ ಕೊಡ್ತಾರೆ. ಮುಂಗಡ ಬುಕ್ ಮಾಡಿ. ನವೆಂಬರಲ್ಲಿ ಎಲೆ ಕೆಂಪಾಗೋ ಕಾಲ, ಅಂದೇ ಹೋಗಿ ಕೇಳಿದರೆ ಸಿಗೋದು ಕಷ್ಟ. ಹೊತ್ತಿನೊಳಗೆ ಬಟ್ಟೆ ಹಾಕಿಕೊಂಡು ಹೊರಬರೋದೂ ಸೇರಿದೆ, ಕೊನೆಯ 15 ನಿಮಿಷ ಅದಕ್ಕೇ ಬಿಡಿ. ತಡವಾಗಿ ಬಂದರೆ ಉಳಿದಷ್ಟೇ ಸಮಯ ನಿಮ್ಮದು.

ಈಜುಡುಗೆ ತೊಟ್ಟು ಗಂಡಸರು ಹೆಂಗಸರು ಒಟ್ಟಿಗೆ ಇರಬಹುದಾದ ‘ಯುನೆಸ್ಸನ್’ ಅಂತ ಒಂದಿದೆ. ವೈನ್ ಕೊಳ, ಕಾಫಿ ಕೊಳ ಎಲ್ಲಾ ಉಂಟು. ಅದು ವಾಟರ್ ಪಾರ್ಕು, ಒನ್ಸೆನ್ನಿನ ನಿಶ್ಶಬ್ದ ಹುಡುಕಿ ಹೋಗೋರಿಗೆ ಅಲ್ಲ.

ಸಾಮಾನ್ಯ ಕೊಳವಾದರೆ ಗಂಡು ಹೆಣ್ಣು ಬೇರೆ. ಬಹುತೇಕ ನೀಲಿ ಪರದೆ ಗಂಡಸರಿಗೆ, ಕೆಂಪು ಹೆಂಗಸರಿಗೆ. ಕೆಲವು ಕಡೆ ದಿನಕ್ಕೊಮ್ಮೆ ಅದಲುಬದಲು ಮಾಡ್ತಾರೆ, ಬೆಳಗ್ಗೆ ಹೋದ ಬಾಗಿಲಿಗೇ ಸಂಜೆ ನುಗ್ಗಬೇಡಿ.

ಬಾಡಿಗೆ ಕೊಳವಾದರೂ ಕ್ರಮ ಒಂದೇ. ಮೊದಲು ಪುಟ್ಟ ಸ್ಟೂಲ್ ಮೇಲೆ ಕೂತು ಸೋಪು ಹಚ್ಚಿ ಪೂರ್ತಿ ತೊಳೆದುಕೊಳ್ಳಿ, ನೊರೆ ಒಂದು ಚೂರೂ ಉಳೀಬಾರದು. ತಲೆಗೆ ಎಣ್ಣೆ ಹಚ್ಚಿದ್ದರೆ ಶಾಂಪೂ ಎರಡು ಸಲ; ಇಲ್ಲದಿದ್ದರೆ ನೀರಿನ ಮೇಲೆ ಎಣ್ಣೆಯ ಪೊರೆ ತೇಲುತ್ತೆ. ಉದ್ದ ಕೂದಲನ್ನು ಮೇಲಕ್ಕೆ ಕಟ್ಟಿ. ಆಮೇಲೆ ಕೊಳದ ನೀರನ್ನೇ ತಂಬಿಗೆಯಂಥ ಬಟ್ಟಲಲ್ಲಿ ಮೊಗೆದು ಪಾದ, ಮೊಣಕಾಲು, ಸೊಂಟ, ಭುಜ ಹೀಗೆ ಕೆಳಗಿನಿಂದ ಮೇಲಕ್ಕೆ ಸುರಿದುಕೊಳ್ಳಿ. ಮೈಗೆ ಬಿಸಿ ಒಗ್ಗಲಿ ಅಂತಲೇ ಅದು. ಚಿಕ್ಕ ಟವೆಲ್ ನೀರಿಗೆ ಅದ್ದೋ ಹಾಗಿಲ್ಲ, ಮಡಿಸಿ ತಲೆ ಮೇಲಿಟ್ಟುಕೊಳ್ಳಿ.

ಪುತ್ತೂರಿನ ಬೆಂದ್ರ್ ತೀರ್ಥದ ಹದವಾದ ಬಿಸಿ ನೆನೆಸಿಕೊಂಡು ಧುಮುಕಬೇಡಿ, ಇಲ್ಲಿ 41–42 ಡಿಗ್ರಿ ಮಾಮೂಲು. ಒಂದು ಸಲಕ್ಕೆ 5ರಿಂದ 10 ನಿಮಿಷ, ಹೊರಗೆ ಕೂತು ಆರಿ ಮತ್ತೆ ಇಳಿಯೋದು. ತಲೆ ಸುತ್ತೋದು ಬಹುತೇಕ ನೀರಲ್ಲಿದ್ದಾಗ ಅಲ್ಲ, ಎದ್ದ ಕ್ಷಣದಲ್ಲಿ. ಬಿಸಿಗೆ ರಕ್ತನಾಳಗಳು ಹಿಗ್ಗಿರುತ್ತವೆ, ನಿಂತ ತಕ್ಷಣ ರಕ್ತ ಕಾಲಿಗೆ ಇಳಿದು ಒತ್ತಡ ಕುಸಿಯುತ್ತೆ. ಅಂಚು ಹಿಡಿದು ನಿಧಾನ ಏಳಿ. ಊಟವಾದ ಕೂಡಲೇ ಬೇಡ, ಬಿಯರ್ ಕುಡಿದ ಮೇಲಂತೂ ಬೇಡವೇ ಬೇಡ. ಇಳಿಯೋಕೆ ಮುಂಚೆ, ಬಂದ ಮೇಲೆ ಒಂದೊಂದು ಲೋಟ ನೀರು.

ಕಾಲುಂಗುರದ ಪ್ರಶ್ನೆ ಒಳ್ಳೆಯದು. ಬೆಳ್ಳಿ, ಗಂಧಕ ಸೇರಿದರೆ ಕಪ್ಪು. ಗೋರಾ, ಸೆಂಗೋಕುಹಾರಾ ಕಡೆಯ ಹಾಲಿನಂಥ ಬಿಳಿ ನೀರಲ್ಲಿ ಗಂಧಕ ಹೆಚ್ಚು, ಸ್ವಲ್ಪ ಹೊತ್ತಿಗೇ ಕಾಲುಂಗುರ, ಗೆಜ್ಜೆ ಮಸಿ ಬಳಿದ ಹಾಗಾಗುತ್ತೆ. ಯುಮೋಟೋದ ನೀರು ಬಹುಪಾಲು ತಿಳಿ, ಗಂಧಕದ ವಾಸನೆ ಇಲ್ಲದ್ದು. ತೆಗೆಯೋ ಮನಸ್ಸಿಲ್ಲ ಅಂದರೆ ಸ್ನಾನ ಯುಮೋಟೋದಲ್ಲೇ ಇಟ್ಟುಕೊಳ್ಳಿ, ಎದ್ದ ಮೇಲೆ ಸಿಹಿನೀರಲ್ಲಿ ತೊಳೆಯಿರಿ. ತಾಳಿಯ ಚಿನ್ನಕ್ಕೆ ಹೆದರಿಕೆ ಕಡಿಮೆ, ಅದರಲ್ಲಿ ಬೆರೆತ ಬೆಳ್ಳಿ ತಾಮ್ರದಿಂದ ಸ್ವಲ್ಪ ಮಂಕಾಗಬಹುದು. ಕರಿಮಣಿ ದಾರದಲ್ಲಿ ಪೋಣಿಸಿದ್ದಾದರೆ ತೆಗೆಯೋದೇ ಮೇಲು. ಆಗಲೇ ಕಪ್ಪಾಯ್ತಾ? ಬಟ್ಟಲಿಗೆ ಅಲ್ಯೂಮಿನಿಯಂ ಫಾಯಿಲ್ ಹಾಸಿ, ಕಾಲುಂಗುರ ಅದಕ್ಕೆ ತಾಗುವಂತಿಟ್ಟು, ಒಂದು ಚಮಚ ಅಡುಗೆ ಸೋಡ ಉದುರಿಸಿ, ಕುದಿನೀರು ಸುರಿಯಿರಿ. ಕೆಲವು ನಿಮಿಷದಲ್ಲಿ ಬೆಳ್ಳಗಾಗುತ್ತೆ.

ಚಟ್ನಿಪುಡಿ:
ಊಟದ್ದು ನನ್ನ ಪಾಲಿಗಿರಲಿ. ಸೋಬಾ, ಉದೋನ್ ನೋಡೋಕೆ ಬರೀ ನೂಡಲ್ಸು, ತಿಳಿಸಾರು ಮಾತ್ರ ಒಣ ಮೀನಿನ ಚಕ್ಕೆಯಿಂದ ತೆಗೆದ ‘ದಾಶಿ’. ತೋಫು ತಟ್ಟೆಗೂ ಮೇಲೆ ಅದೇ ಚಕ್ಕೆ ಉದುರಿಸ್ತಾರೆ. ‘ಮಾಂಸ ಬೇಡ’ ಅಂದರೆ ಮೀನು ಅದರಲ್ಲಿ ಸೇರೋಲ್ಲ, ಮೀನು ಮತ್ತು ದಾಶಿ ಅಂತ ಬಿಡಿಸಿ ಹೇಳಿ. ಈ ದಿನ ಹೋಟೆಲ್ ಹುಡುಕೋಕೆ ಸಮಯವೂ ಇಲ್ಲ. ಒಗ್ಗರಣೆ ಅವಲಕ್ಕಿ, ಚಪಾತಿ ಚಟ್ನಿಪುಡಿ ಕಟ್ಟಿಕೊಂಡು ಹೋಗಿ ಸರೋವರದ ದಂಡೆಯಲ್ಲಿ ತಿನ್ನಿ. ಕಸ ಚೀಲಕ್ಕೆ ಹಾಕಿ ವಾಪಸ್ ತನ್ನಿ, ಬುಟ್ಟಿ ಸಿಗೋದು ಅಪರೂಪ.

ಓವಾಕುದಾನಿಯ ಕಪ್ಪು ಮೊಟ್ಟೆ ನೀವು ತಿನ್ನೋಲ್ಲ, ನೋಡಿಯಾದರೂ ಬನ್ನಿ. ಬುಗ್ಗೆಯಲ್ಲಿ ಬೇಯಿಸುವಾಗ ನೀರಿನ ಕಬ್ಬಿಣ ಚಿಪ್ಪಿಗೆ ಹತ್ತಿ, ಗಂಧಕದ ಆವಿಗೆ ಕಪ್ಪಾಗುತ್ತೆ. ಒಳಗೆ ಮಾಮೂಲಿ ಬೆಂದ ಮೊಟ್ಟೆ. ಒಂದಕ್ಕೆ ಏಳು ವರ್ಷ ಆಯಸ್ಸು ಹೆಚ್ಚುತ್ತಂತೆ.

ಹೊಸಪಯಣ:
ಎಲ್ಲರಿಗೂ ಥ್ಯಾಂಕ್ಸ್. ನವೆಂಬರ್ 3 ಹಾಕಿಕೊಳ್ಳೋಣ ಅಂತಿದ್ದೀವಿ. ದೀಪಾವಳಿಗೆ ಹಾಕಿಸಿದ ಮೆಹಂದಿ ಅವಳ ಕೈಯಲ್ಲಿ ಇರುತ್ತೆ, ಹಚ್ಚೆ ಅಂತ ತಡೀತಾರಾ?

ಬುಗ್ಗೆನೀರು:
ಬಾಡಿಗೆ ಕೊಳದಲ್ಲಿ ನೋಡೋರೇ ಇರೋಲ್ಲ. ಆದರೂ ಬುಕ್ ಮಾಡುವಾಗಲೇ ‘ಹಚ್ಚೆ ಅಲ್ಲ, ಕೆಲವು ದಿನದಲ್ಲಿ ತಾನಾಗಿ ಮಾಸೋ ಬಣ್ಣ’ ಅಂತ ಒಂದು ಸಾಲು ಬರೆದುಬಿಡಿ. ಸಾಮಾನ್ಯ ಕೊಳದಲ್ಲಿ ಕೌಂಟರಿನವರು ತಡೆಯೋ ಸಾಧ್ಯತೆ ಇದೆ.

ಹಳಿ_ಹುಚ್ಚ:
3 ಬೇಡ! ಅಂದು ರಾಷ್ಟ್ರೀಯ ರಜೆ, ಮೇಲಾಗಿ ಯುಮೋಟೋದಲ್ಲಿ ದೈಮ್ಯೋ (ಹಿಂದಿನ ಕಾಲದ ಪಾಳೇಗಾರರ) ಮೆರವಣಿಗೆ. ಬಸ್ಸಿನ ಲೆಕ್ಕವೆಲ್ಲ ಬುಡಮೇಲು. ವಾರದ ನಡುವಿನ ಒಂದು ದಿನಕ್ಕೆ ಬದಲಿಸಿ.

ಇನ್ನೊಂದು: ಗಾಳಿ ಜೋರಾದರೆ, ಜ್ವಾಲಾಮುಖಿಯ ಅನಿಲ ಹೆಚ್ಚಾದರೆ ರೋಪ್‌ವೇ ನಿಲ್ಲಿಸ್ತಾರೆ. 2015ರಲ್ಲಂತೂ ಓವಾಕುದಾನಿಯನ್ನೇ ತಿಂಗಳುಗಟ್ಟಲೆ ಮುಚ್ಚಿದ್ದರು. ಆಸ್ತಮಾ, ಹೃದಯದ ತೊಂದರೆ ಇದ್ದವರು, ಗರ್ಭಿಣಿಯರು ಅಲ್ಲಿ ಇಳಿಯಬಾರದು ಅಂತ ಬೋರ್ಡೇ ಇದೆ. ಯುಮೋಟೋದಲ್ಲಿ ರೈಲು ಹತ್ತುವ ಮುಂಚೆ ರೋಪ್‌ವೇ ಓಡುತ್ತಿದೆಯಾ ಅಂತ ನೋಡಿ. ನಿಂತಿದ್ದರೆ ಗೋರಾಗೆ ಹೋಗಲೇಬೇಡಿ, ಸ್ಟೇಷನ್ ಎದುರಿಂದಲೇ ಸೆಂಗೋಕುಹಾರಾ ಮೇಲೆ ತೋಗೆಂದೈಗೆ ಹೋಗುವ ಬಸ್ಸು ಹಿಡಿಯಿರಿ. ಪಾಸ್ ನಡೆಯುತ್ತೆ, ದಾರಿಯಲ್ಲಿ ಬೆಟ್ಟದ ತುಂಬ ಬೆಳ್ಳಿ ಹುಲ್ಲು ಹೂಬಿಟ್ಟಿರುತ್ತೆ, ಹಡಗೂ ಹೊತ್ತಿಗೆ ಸಿಗುತ್ತೆ.