ಒಂಬತ್ತಕ್ಕೆ ಮಲಗಿಸಿದರೂ ಹನ್ನೊಂದೂವರೆಯವರೆಗೆ ನಿದ್ದೆಯಿಲ್ಲ: ಮೆಲಟೋನಿನ್ ಕೊಡಬಹುದೇ?

ಪ್ರಶ್ನೆ: ತಾಯಿ, ಉಡುಪಿ

ಎಲ್ಲರಿಗೂ ನಮಸ್ಕಾರ. ನನ್ನ ಮಗನಿಗೆ ಏಳು ವರ್ಷ. ಆಟಿಸಂ ಇರುವುದು ಚಿಕ್ಕಂದಿನಲ್ಲೇ ತಿಳಿದಿತ್ತು. ಎಡಿಎಚ್‌ಡಿಯೂ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ) ಇದೆ ಎಂದು ಕಳೆದ ವರ್ಷ ವೈದ್ಯರು ಹೇಳಿದ ಮೇಲೆ ಬೆಳಗ್ಗೆ ತಿಂಡಿಯ ಜೊತೆ ಅದರ ಔಷಧ ಮೆಥೈಲ್‌ಫೆನಿಡೇಟ್ ಕೊಡುತ್ತಿದ್ದೇವೆ. ರಾತ್ರಿ ಒಂಬತ್ತಕ್ಕೆ ದೀಪ ಆರಿಸಿ ಮಲಗಿಸಿದರೂ ಹನ್ನೊಂದೂವರೆಯವರೆಗೆ ಹೊರಳಾಡುತ್ತಾ, ಕಲ್ಸಂಕ, ಕಡಿಯಾಳಿ, ಕುಂಜಿಬೆಟ್ಟು, ಇಂದ್ರಾಳಿ ಎಂದು ಮಣಿಪಾಲದವರೆಗಿನ ಬಸ್ ನಿಲ್ದಾಣಗಳನ್ನು ಸಾಲಾಗಿ ಹೇಳುತ್ತಿರುತ್ತಾನೆ. ಒಂದು ಹೆಸರು ಬಿಟ್ಟುಹೋದರೆ ಮತ್ತೆ ಕಲ್ಸಂಕದಿಂದಲೇ ಶುರು. ಮಳೆಗಾಲದಲ್ಲಿ ಕರೆಂಟ್ ಹೋಗಿ ಫ್ಯಾನ್ ನಿಂತರಂತೂ ಎದ್ದು ಕುಳಿತುಬಿಡುತ್ತಾನೆ. ಬೆಳಗ್ಗೆ ಏಳೂಮುಕ್ಕಾಲಿಗೆ ಶಾಲೆಯ ವ್ಯಾನ್ ಬರುತ್ತದೆ. ಅತ್ತೆಯವರು ದೃಷ್ಟಿ ತಾಗಿದೆ ಎನ್ನುತ್ತಾರೆ. ಪರಿಚಯದವರೊಬ್ಬರು ನಿದ್ದೆ ಬರಲೆಂದು ಕೊಡುವ ಮೆಲಟೋನಿನ್ ಗಮ್ಮಿ (ಜಗಿಯುವ ಮಿಠಾಯಿಯಂಥದ್ದು) ಆನ್‌ಲೈನಿನಲ್ಲಿ ತರಿಸಿ ಎನ್ನುತ್ತಾರೆ. ಕೊಡಬಹುದೇ?

ಉತ್ತರ: ಇನ್ನೊಬ್ಬ ತಾಯಿ, ಮಂಗಳೂರು

ಗಮ್ಮಿಯ ವಿಚಾರ ಬಲ್ಲವರು ಹೇಳಲಿ. ನನ್ನ ಮಗಳಿಗೂ ಆಟಿಸಂ ಇರುವುದರಿಂದ, ನಮಗೆ ಥೆರಪಿಸ್ಟ್ ಹೇಳಿಕೊಟ್ಟ ಕ್ರಮವನ್ನು ತಿಳಿಸುತ್ತೇನೆ. ನಿದ್ದೆ ಬರುವುದೇ ಹನ್ನೊಂದೂವರೆಗೆ ಎಂದಾದರೆ ಒಂಬತ್ತಕ್ಕೆ ಮಲಗಿಸುವುದರಿಂದ ಪ್ರಯೋಜನವಿಲ್ಲ. ಆ ಎರಡೂವರೆ ಗಂಟೆಯಲ್ಲಿ ಮಗು ಕಲಿಯುವುದು ಹಾಸಿಗೆಯೆಂದರೆ ಎಚ್ಚರವಾಗಿರುವ ಜಾಗ ಎಂಬುದನ್ನೇ. ಆದ್ದರಿಂದ ಸದ್ಯಕ್ಕೆ ಹನ್ನೊಂದೂಕಾಲಕ್ಕೇ ಮಲಗಿಸಿ. ಮಲಗಿದ ಇಪ್ಪತ್ತು ನಿಮಿಷದೊಳಗೆ ನಿದ್ದೆ ಹತ್ತುವುದು ರೂಢಿಯಾದ ಮೇಲೆ ಹದಿನೈದು ಹದಿನೈದು ನಿಮಿಷದಂತೆ ಹಿಂದಕ್ಕೆ ತನ್ನಿ. ಏಳುವ ಸಮಯವನ್ನು ಮಾತ್ರ ಭಾನುವಾರವೂ ಬದಲಿಸಬಾರದು. ಪಕ್ಕದ ಊರಿನ ಬಯಲಾಟದ ಚೆಂಡೆ ನಡುರಾತ್ರಿ ಕೇಳಿಸಿದರೂ, ನೆಂಟರ ಮನೆಯ ಮದುವೆ ಮುಗಿಸಿ ತಡವಾಗಿ ಬಂದಿದ್ದರೂ, ಬೆಳಗ್ಗೆ ಅದೇ ಗಂಟೆಗೆ ಎಬ್ಬಿಸಬೇಕು. ಹೇಳಿದಷ್ಟು ಸುಲಭವಲ್ಲ, ಮನೆಯ ಹಿರಿಯರಿಗೆ ಇದು ನಿರ್ದಯೆಯಂತೆಯೂ ಕಾಣುತ್ತದೆ.

ಸಂಜೆ ಅವನು ಎಲ್ಲಾದರೂ ನಿದ್ದೆ ಮಾಡುತ್ತಾನೆಯೇ?

ಉತ್ತರ: ಮಕ್ಕಳ ವೈದ್ಯ, ಮಂಗಳೂರು

ಮೇಲೆ ಬರೆದವರು ಹೇಳಿದ ಕ್ರಮ ಸರಿಯಾಗಿದೆ, ಔಷಧಕ್ಕಿಂತ ಮೊದಲು ಮಾಡಬೇಕಾದದ್ದೂ ಅದೇ. ಆಟಿಸಂ ಇರುವ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರಿಗೆ ನಿದ್ದೆಯ ತೊಂದರೆ ಇರುತ್ತದೆ. ಎಡಿಎಚ್‌ಡಿ ಇರುವ ಅನೇಕ ಮಕ್ಕಳಲ್ಲಿ ದೇಹದ ಗಡಿಯಾರವೇ ತಡವಾಗಿ ಓಡುತ್ತದೆ, ಅಂದರೆ ಮಿದುಳಿನ ಪೀನಿಯಲ್ ಗ್ರಂಥಿಯಿಂದ ಮೆಲಟೋನಿನ್ ಬಿಡುಗಡೆಯಾಗುವುದೇ ತಡವಾಗಿ. ಅತ್ತೆಯವರು ದೃಷ್ಟಿ ತೆಗೆದರೆ ಹಾನಿಯೇನಿಲ್ಲ, ಆದರೆ ಪರೀಕ್ಷೆ ಅದಕ್ಕಾಗಿ ಕಾಯಬಾರದು.

ಮೊದಲು ನೋಡಬೇಕಾದದ್ದು ನಿದ್ದೆ ಕೆಡಿಸುವ ಬೇರೆ ಕಾರಣಗಳನ್ನು. ಗೊರಕೆ ಹೊಡೆಯುತ್ತಾನೆಯೇ, ಬಾಯಿ ತೆರೆದು ಮಲಗುತ್ತಾನೆಯೇ? ಹಾಗಿದ್ದರೆ ಟಾನ್ಸಿಲ್ ಅಥವಾ ಮೂಗಿನ ಹಿಂಭಾಗದಲ್ಲಿರುವ ಅಡಿನಾಯ್ಡ್ ಊದಿಕೊಂಡು ಉಸಿರಿಗೆ ಅಡ್ಡಿಯಾಗುತ್ತಿರಬಹುದು. ಮಲಗುವ ಹೊತ್ತಿನಲ್ಲಿ ಕಾಲು ಒದರುವುದು, ಉಜ್ಜುವುದು ಇದ್ದರೆ ರಕ್ತದಲ್ಲಿ ಫೆರಿಟಿನ್ (ದೇಹದಲ್ಲಿ ಕಬ್ಬಿಣ ಎಷ್ಟು ಸಂಗ್ರಹವಿದೆ ಎಂದು ತೋರಿಸುವ ಅಂಶ) ಪರೀಕ್ಷಿಸಬೇಕು. ಆಟಿಸಂ ಇರುವ ಮಕ್ಕಳು ಆಯ್ದ ಕೆಲವೇ ಆಹಾರ ತಿನ್ನುವುದರಿಂದ ಕಬ್ಬಿಣದ ಕೊರತೆ ಸಾಮಾನ್ಯ, ಅದು ಕಾಲುಗಳ ಚಡಪಡಿಕೆಗೆ ಕಾರಣವಾಗುತ್ತದೆ. ಮಲಬದ್ಧತೆ, ಹಲ್ಲುನೋವು, ರಾತ್ರಿ ಬರುವ ಫಿಟ್ಸ್, ಇವನ್ನೆಲ್ಲ ಮಾತಿನಲ್ಲಿ ಹೇಳಲಾಗದ ಮಗು ಎಚ್ಚರವಾಗಿದ್ದುಕೊಂಡೇ ತೋರಿಸುತ್ತದೆ.

ಇನ್ನು ಮೆಲಟೋನಿನ್. ಅದು ನಿದ್ದೆ ಮಾತ್ರೆಯಲ್ಲ. ರಾತ್ರಿಯಾಯಿತು ಎಂದು ದೇಹಕ್ಕೆ ತಿಳಿಸುವ ಹಾರ್ಮೋನು. ಆದ್ದರಿಂದ ಅದನ್ನು ನುಂಗಿಸಿ ಮೊಬೈಲ್ ಕೈಗೆ ಕೊಟ್ಟರೆ, ಪರದೆಯ ನೀಲಿ ಬೆಳಕು ಅದೇ ಸಂದೇಶವನ್ನು ಅಳಿಸಿಹಾಕುತ್ತದೆ. ಆಟಿಸಂ ಇರುವ ಮಕ್ಕಳ ನಿದ್ರಾಹೀನತೆಯ ಕುರಿತು ಅಮೆರಿಕನ್ ಅಕಾಡೆಮಿ ಆಫ್ ನ್ಯೂರಾಲಜಿ 2020ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯ ಪ್ರಕಾರ, ಅಭ್ಯಾಸಗಳ ಬದಲಾವಣೆ ಸಾಲದಿದ್ದಾಗ ಮಾತ್ರ ಇದನ್ನು ಕೊಡಬೇಕು. 1ರಿಂದ 3 ಮಿಲಿಗ್ರಾಂನಿಂದ, ಮಲಗುವ 30ರಿಂದ 60 ನಿಮಿಷ ಮೊದಲು ಕೊಟ್ಟು ಆರಂಭಿಸಬೇಕು. ನಿಮ್ಮ ಮಗನಿಗೆ ಎಷ್ಟು ಬೇಕೆಂದು ಅವನನ್ನು ನೋಡುವ ವೈದ್ಯರೇ ಹೇಳಬೇಕು. ಗಮ್ಮಿ ಬೇಡವೇ ಬೇಡ: 2023ರಲ್ಲಿ ಅಮೆರಿಕದಲ್ಲಿ 25 ಬಗೆಯ ಗಮ್ಮಿಗಳನ್ನು ಪರೀಕ್ಷಿಸಿದಾಗ 22ರಲ್ಲಿ ಲೇಬಲ್ಲಿನ ಮೇಲಿದ್ದ ಪ್ರಮಾಣವೇ ಸರಿಯಿರಲಿಲ್ಲ. ಮಿಠಾಯಿಯಂತಿರುವುದನ್ನು ಮಗು ಡಬ್ಬಿ ತೆರೆದು ತಿನ್ನುವ ಅಪಾಯ ಬೇರೆ.

ಪ್ರಶ್ನೆ ಕೇಳಿದವರು

ತುಂಬಾ ಧನ್ಯವಾದಗಳು. ಥೆರಪಿ ಮುಗಿಸಿ ಸಂಜೆ ಐದೂವರೆಯ ಬಸ್ಸಿನಲ್ಲಿ ಬರುವಾಗ ನನ್ನ ತೊಡೆಯ ಮೇಲೆ ನಿದ್ದೆ ಹೋಗುತ್ತಾನೆ. ಪಾಪ ಎಂದು ನಾನೂ ಎಬ್ಬಿಸುವುದಿಲ್ಲ. ಗೊರಕೆಯೂ ಇದೆ; ಶೀತ ಇರಬಹುದು ಎಂದುಕೊಂಡಿದ್ದೆವು. ಬೆಳಗಿನ ಮೆಥೈಲ್‌ಫೆನಿಡೇಟ್‌ನಿಂದ ಹೀಗಾಗುತ್ತಿದ್ದರೆ ನಿಲ್ಲಿಸಬೇಕೇ? ಭಾರದ ಹೊದಿಕೆ ತರಿಸಿದರೆ ಉಪಯೋಗವಾದೀತೇ?

ಉತ್ತರ: ತಂದೆ, ಕುಂದಾಪುರ

ಹೊದಿಕೆಗೆ ಹಾಕುವ ದುಡ್ಡನ್ನು ಇನ್ವರ್ಟರಿಗೆ ಹಾಕಿ. ನಮ್ಮ ಮಗನಿಗೂ ಫ್ಯಾನಿನ ಸದ್ದೇ ಜೋಗುಳ. ಅದು ನಿಂತರೆ ಸೆಕೆಯ ಜೊತೆಗೆ ಮೌನವೂ ಅವನನ್ನು ಎಬ್ಬಿಸುತ್ತಿತ್ತು. ಅಂಗಿಯ ಕುತ್ತಿಗೆಯಲ್ಲಿ ಹೊಲಿದಿರುವ ಲೇಬಲನ್ನೂ ಕತ್ತರಿಸಿ ನೋಡಿ. ಇನ್ನೊಂದು ಮಾತು: ಪ್ರತಿ ರಾತ್ರಿ ನೀವೊಬ್ಬರೇ ಎಚ್ಚರವಿರುವ ಪದ್ಧತಿ ಇದ್ದರೆ ಅದನ್ನು ಬಿಡಿಸಿ. ಮನೆಯವರಿಗೆ ಸರದಿ ಹಾಕಿಕೊಡಿ, ಅವರಿಗೂ ಗೊತ್ತಾಗಲಿ.

ಉತ್ತರ: ಮಕ್ಕಳ ವೈದ್ಯ, ಮಂಗಳೂರು

ಔಷಧವನ್ನು ನೀವಾಗಿ ನಿಲ್ಲಿಸಬೇಡಿ. ಮೆಥೈಲ್‌ಫೆನಿಡೇಟ್ ನಿದ್ದೆಯನ್ನು ತಡಮಾಡಬಲ್ಲದು ನಿಜ. ಆದರೆ ಸಾಮಾನ್ಯ ಮಾತ್ರೆಯ ಪ್ರಭಾವ ಸುಮಾರು ನಾಲ್ಕು ಗಂಟೆ ಮಾತ್ರ, ನಿಧಾನವಾಗಿ ಬಿಡುಗಡೆಯಾಗುವ ಬಗೆಯದ್ದು ಎಂಟರಿಂದ ಹನ್ನೆರಡು ಗಂಟೆ. ಯಾವ ಬಗೆ, ಎಷ್ಟು ಹೊತ್ತಿಗೆ ಎಂಬುದನ್ನು ಬರೆದುಕೊಟ್ಟ ವೈದ್ಯರೊಡನೆ ಚರ್ಚಿಸಿ. ಭಾರದ ಹೊದಿಕೆಯನ್ನು ಆಟಿಸಂ ಇರುವ ಮಕ್ಕಳ ಮೇಲೆ ಪ್ರಯೋಗಿಸಿ 2014ರಲ್ಲಿ ಪ್ರಕಟಿಸಿದ ಬ್ರಿಟನ್ನಿನ ಅಧ್ಯಯನದಲ್ಲಿ ಮಕ್ಕಳು ಅದನ್ನು ಇಷ್ಟಪಟ್ಟರು, ನಿದ್ದೆಯ ಅವಧಿ ಮಾತ್ರ ಹೆಚ್ಚಲಿಲ್ಲ. ಕರಾವಳಿಯ ಸೆಕೆಯಲ್ಲಂತೂ ಅದನ್ನು ನಾನು ಸೂಚಿಸುವುದಿಲ್ಲ.

ಬಸ್ಸಿನ ನಿದ್ದೆಯನ್ನು ಮೊದಲು ತಪ್ಪಿಸಿ. ಕಿಟಕಿಯ ಪಕ್ಕ ಕೂರಿಸಿ ನಿಲ್ದಾಣಗಳ ಹೆಸರನ್ನು ಅಲ್ಲಿಯೇ ಹೇಳಿಸಿ. ಗೊರಕೆಗೆ ಒಂದು ಕೆಲಸ ಮಾಡಿ: ಅವನು ಗಾಢ ನಿದ್ದೆಯಲ್ಲಿರುವಾಗ ಎದೆ ಮತ್ತು ಮುಖ ಎರಡೂ ಕಾಣುವಂತೆ, ಸದ್ದು ಕೇಳಿಸುವಂತೆ ಒಂದೆರಡು ನಿಮಿಷ ಮೊಬೈಲಿನಲ್ಲಿ ವೀಡಿಯೊ ತೆಗೆದು ಕಿವಿ-ಮೂಗು-ಗಂಟಲು ವೈದ್ಯರಿಗೆ ತೋರಿಸಿ. ನಡುನಡುವೆ ಉಸಿರು ನಿಂತಂತೆ ಕಂಡರೆ ತಡಮಾಡದೆ ಹೋಗಿ. ಮೆಲಟೋನಿನ್ ಬೇಕೇ ಬೇಡವೇ ಎಂಬುದನ್ನು ಆಮೇಲೆ ನೋಡಬಹುದು.