ಡ್ಯಾಶ್‌ಕ್ಯಾಮ್ ದೃಶ್ಯ ಬೇಕಾದ ಹೊತ್ತಿಗೆ ಕೈಗೆ ಸಿಗುತ್ತದೆಯೇ?

ಪ್ರಶ್ನೆ:
ಕಾರಿಗೆ ಡ್ಯಾಶ್‌ಕ್ಯಾಮ್ (ಎದುರಿನ ರಸ್ತೆಯನ್ನು ಚಿತ್ರೀಕರಿಸುತ್ತಿರುವ ಪುಟ್ಟ ಕ್ಯಾಮೆರಾ) ಹಾಕಿಸುವವರು ಹೆಚ್ಚುತ್ತಿದ್ದಾರೆ, ನಾನೂ ಹಾಕಿಸಬೇಕೆಂದಿದ್ದೇನೆ. ಅಪಘಾತವಾದಾಗ ತಪ್ಪು ಯಾರದೆಂಬ ವಾದವು ಸಾಕ್ಷಿಯಿಲ್ಲದೆ ಬಗೆಹರಿಯದೇ ಉಳಿಯುವುದನ್ನು ಕಂಡಿರುವುದರಿಂದ ಅದರ ಅಗತ್ಯದ ಬಗ್ಗೆ ನನಗೆ ಸಂಶಯವಿಲ್ಲ. ಆದರೆ ಬೇಕಾದ ದಿನ ಆ ದೃಶ್ಯ ನಿಜವಾಗಿಯೂ ಸಿಗುತ್ತದೆಯೇ? ನಮಗೆ ಸಂಬಂಧವೇ ಇಲ್ಲದ ದಾರಿಹೋಕರನ್ನು ಅವರ ಅರಿವಿಗೆ ಬಾರದಂತೆ ದಿನವಿಡೀ ಚಿತ್ರೀಕರಿಸುವುದು ಸರಿಯೇ? ಬಳಸುತ್ತಿರುವವರು ದಯವಿಟ್ಟು ವಿವರವಾಗಿ ತಿಳಿಸಿ.

ಉತ್ತರ 1:
ನಿಮ್ಮ ಮೊದಲ ಅನುಮಾನ ಸಕಾರಣವಾದುದು. ಡ್ಯಾಶ್‌ಕ್ಯಾಮ್ ದೃಶ್ಯವನ್ನು ಕೆಲವೇ ನಿಮಿಷಗಳ ತುಣುಕುಗಳಾಗಿ ಉಳಿಸುತ್ತದೆ; ಮೆಮೊರಿ ಕಾರ್ಡ್ ತುಂಬಿದ ಮೇಲೆ ಎಲ್ಲಕ್ಕಿಂತ ಹಳೆಯ ತುಣುಕನ್ನು ಅಳಿಸಿ ಹೊಸದನ್ನು ಬರೆಯುತ್ತದೆ. ಡಿಕ್ಕಿಯ ಹೊಡೆತವನ್ನು ಒಳಗಿನ ಜಿ-ಸೆನ್ಸರ್ ಗುರುತಿಸಿದರೆ ಆ ತುಣುಕು ಅಳಿಯದಂತೆ ಬೀಗ ಬೀಳುತ್ತದೆಯಾದರೂ, ಪಕ್ಕದಿಂದ ಮೆಲ್ಲಗೆ ಉಜ್ಜಿಕೊಂಡು ಹೋದ ವಾಹನ ಅದರ ಗಮನಕ್ಕೆ ಬಾರದೆಯೇ ಹೋಗಬಹುದು. ಆದ್ದರಿಂದ ಏನೇ ನಡೆದರೂ ದೃಶ್ಯವನ್ನು ಕೂಡಲೇ ಫೋನಿಗೆ ಇಳಿಸಿಕೊಳ್ಳಬೇಕು, ಇಲ್ಲವೇ ಕಾರ್ಡನ್ನೇ ತೆಗೆದಿಡಬೇಕು.

ಎಲ್ಲರೂ ಕ್ಯಾಮೆರಾದ ಗುಣಮಟ್ಟ ವಿಚಾರಿಸುತ್ತಾರೆ, ಕಾರ್ಡನ್ನು ಮರೆಯುತ್ತಾರೆ. ಬಿಡುವಿಲ್ಲದೆ ಬರೆದು ಅಳಿಸುವುದರಿಂದ ಸಾಧಾರಣ ಕಾರ್ಡ್ ಬೇಗ ಸವೆಯುತ್ತದೆ. ಹೈ ಎಂಡ್ಯೂರೆನ್ಸ್ (ಹೆಚ್ಚು ಬಾಳಿಕೆಯ) ಎಂದು ನಮೂದಿಸಿರುವ ಕಾರ್ಡನ್ನೇ ಕೊಂಡು, ಆಗಾಗ ಫಾರ್ಮ್ಯಾಟ್ ಮಾಡಿ, ದಿನಾಂಕ ಮತ್ತು ಸಮಯ ಸರಿಯಿದೆಯೇ ಎಂದು ನೋಡಿಕೊಳ್ಳಿ. ಸಮಯ ತಪ್ಪಾಗಿರುವ ದೃಶ್ಯವನ್ನು ಎದುರು ಪಕ್ಷದವರು ಸುಲಭವಾಗಿ ಪ್ರಶ್ನಿಸಬಹುದು. ಬಿಸಿಲಿನಲ್ಲಿ ನಿಲ್ಲುವ ಕಾರಿಗೆ ಕ್ಯಾಮೆರಾದೊಳಗೆ ಲಿಥಿಯಂ ಬ್ಯಾಟರಿಯ ಬದಲು ಕೆಪಾಸಿಟರ್ (ವಿದ್ಯುತ್ತನ್ನು ಸ್ವಲ್ಪ ಹೊತ್ತು ಹಿಡಿದಿಡುವ ಬಿಡಿಭಾಗ) ಇರುವ ಮಾದರಿಯೇ ಮೇಲು, ಏಕೆಂದರೆ ಹೆಚ್ಚು ಶಾಖಕ್ಕೆ ಬ್ಯಾಟರಿ ಊದಿಕೊಳ್ಳಬಹುದು. ಇನ್ನೊಂದು ಮಾತು: ನೋಟದ ಕೋನ ಅಗಲವಾದಷ್ಟೂ ಒಳ್ಳೆಯದೆಂದು ಭಾವಿಸಬೇಡಿ. ಕೋನ ಹಿಗ್ಗಿದಂತೆ ಮುಂದಿನ ವಾಹನ ಇರುವುದಕ್ಕಿಂತ ದೂರವಾಗಿ ಕಾಣುತ್ತದೆ; ಅದರ ನಂಬರ್ ಪ್ಲೇಟ್ ಓದಲು, ಅದರಲ್ಲಿಯೂ ರಾತ್ರಿಯಲ್ಲಿ, ಕಷ್ಟವಾಗುತ್ತದೆ.

ಉತ್ತರ 2:
ಎರಡನೆಯ ಪ್ರಶ್ನೆಗೆ ಎಲ್ಲ ದೇಶಗಳಲ್ಲಿ ಒಂದೇ ಉತ್ತರವಿಲ್ಲ. ದಕ್ಷಿಣ ಕೊರಿಯಾದಲ್ಲಿ ಡ್ಯಾಶ್‌ಕ್ಯಾಮ್ ತೀರ ಸಾಮಾನ್ಯವಾಗಿದ್ದರೆ, ಆಸ್ಟ್ರಿಯಾದಲ್ಲಿ ಖಾಸಗಿತನದ ಕಾರಣಕ್ಕೆ ಅದರ ಮೇಲೆ ಬಿಗಿಯಾದ ನಿರ್ಬಂಧಗಳಿವೆ. ಜರ್ಮನಿಯ ಸರ್ವೋಚ್ಚ ಸಿವಿಲ್ ನ್ಯಾಯಾಲಯವು 2018ರ ಮೇ ತಿಂಗಳಲ್ಲಿ, ಕಾರಣವಿಲ್ಲದೆ ನಿರಂತರವಾಗಿ ಚಿತ್ರೀಕರಿಸುವುದು ದತ್ತಾಂಶ ರಕ್ಷಣೆಯ ಕಾನೂನಿಗೆ ವಿರುದ್ಧವೆಂದು ಹೇಳಿತು; ಹಾಗಿದ್ದರೂ ಅಪಘಾತದ ಸಿವಿಲ್ ಮೊಕದ್ದಮೆಯಲ್ಲಿ ಅಂಥ ದೃಶ್ಯವನ್ನು ಸಾಕ್ಷ್ಯವಾಗಿ ಪರಿಗಣಿಸಬಹುದೆಂದು ತೀರ್ಪಿತ್ತಿತು. ಈ ನಿಲುವು ನನಗೆ ನ್ಯಾಯವಾಗಿ ಕಾಣುತ್ತದೆ. ಚಿತ್ರೀಕರಣಕ್ಕಿಂತ ಹೆಚ್ಚಿನ ಹಾನಿ ಅದರ ಬಳಕೆಯಿಂದ ಆಗುತ್ತದೆ: ದೃಶ್ಯವನ್ನು ಪೊಲೀಸರಿಗೋ ವಿಮಾ ಕಂಪನಿಗೋ ಕೊಡುವುದು ಒಂದು, ಗುರುತು ಪರಿಚಯವಿಲ್ಲದ ಜನರ ಮುಖ ಮತ್ತು ನಂಬರ್ ಪ್ಲೇಟ್‌ಗಳನ್ನು ಮರೆಮಾಚದೆ ಸಾಮಾಜಿಕ ಜಾಲತಾಣಕ್ಕೆ ಏರಿಸಿ ನಿಂದನೆಗೆ ಗುರಿಮಾಡುವುದು ಇನ್ನೊಂದು. ಎರಡನೆಯದನ್ನು ಯಾರೂ ಮಾಡಬಾರದು. ಕಾರಿನೊಳಗಿನ ಮಾತುಗಳೂ ದಾಖಲಾಗುವುದರಿಂದ ಮೈಕ್ ಅನ್ನು ಆಫ್ ಮಾಡಿಡಿ, ಇಲ್ಲವೇ ಜೊತೆಯಲ್ಲಿ ಕುಳಿತವರಿಗೆ ತಿಳಿಸಿ. ಜಿಪಿಎಸ್ ಇರುವ ಕ್ಯಾಮೆರಾ ನಿಮ್ಮ ವೇಗವನ್ನೂ ದಾಖಲಿಸುತ್ತದೆ; ತಪ್ಪು ನಿಮ್ಮದಾಗಿದ್ದರೆ ಅದೇ ದೃಶ್ಯ ನಿಮ್ಮ ವಿರುದ್ಧವೂ ಸಾಕ್ಷಿಯಾಗುತ್ತದೆ, ಆಗಲೂಬೇಕು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಕಾರು ನಿಂತಿರುವಾಗಲೂ ಕ್ಯಾಮೆರಾ ಕೆಲಸ ಮಾಡಿದರೆ ಕಾರಿನ ಬ್ಯಾಟರಿ ಖಾಲಿಯಾಗುವುದಿಲ್ಲವೇ?

ಉತ್ತರ 1 ಬರೆದವರು:
ಖಂಡಿತ ಆಗಬಹುದು. ಪಾರ್ಕಿಂಗ್ ಮೋಡ್ ಬೇಕಿದ್ದರೆ ಫ್ಯೂಸ್ ಬಾಕ್ಸ್‌ಗೆ ಜೋಡಿಸುವ ಕಿಟ್ ಹಾಕಿಸಿ. ಬ್ಯಾಟರಿಯ ವೋಲ್ಟೇಜ್ ನಿಗದಿತ ಮಟ್ಟಕ್ಕಿಂತ ಕೆಳಗಿಳಿದಾಗ ವಿದ್ಯುತ್ತನ್ನು ತಾನಾಗಿಯೇ ಕಡಿತಗೊಳಿಸುವ ವ್ಯವಸ್ಥೆ ಅದರಲ್ಲಿದೆಯೇ ಎಂದು ಮೊದಲೇ ಕೇಳಿ ತಿಳಿದುಕೊಳ್ಳಿ.