ಹಿಸ್ಪಾನೋ-ಸುಯಿಜಾ: ಕಾರಿನ ಕಂಪನಿಯೋ, ವಿಮಾನದ ಎಂಜಿನ್ ಕಂಪನಿಯೋ?

ಪ್ರಶ್ನೆ (ಜಯನಗರದ ಓದುಗ):

ಕಳೆದ ಭಾನುವಾರ ಅಣ್ಣನ ಮಗಳನ್ನು ಎಚ್‌ಎಎಲ್ ವಸ್ತುಸಂಗ್ರಹಾಲಯಕ್ಕೆ ಕರೆದುಕೊಂಡು ಹೋಗಿದ್ದೆ. ಎಂಜಿನ್‌ಗಳ ಮುಂದೆ ನಿಂತಿದ್ದಾಗ ಪಕ್ಕದಲ್ಲಿದ್ದ ಹಿರಿಯರೊಬ್ಬರು, ನಮ್ಮ ವಾಯುಪಡೆಯ ಹಳೆಯ ಮಿಸ್ಟೇರ್ ವಿಮಾನಗಳಲ್ಲಿ ಹಿಸ್ಪಾನೋ-ಸುಯಿಜಾ ಎಂಜಿನ್ ಇತ್ತೆಂದು ಹೇಳಿದರು. ನನಗೆ ಆ ಹೆಸರು ಗೊತ್ತಿದ್ದುದು ಹಳೆಯ ಐಷಾರಾಮಿ ಕಾರುಗಳಿಂದ. ರೇಡಿಯೇಟರ್ ಮೇಲೆ ಹಾರುವ ಕೊಕ್ಕರೆಯನ್ನು ಕೂರಿಸಿಕೊಂಡ ಕಾರು. ಎರಡೂ ಒಂದೇ ಕಂಪನಿಯವೇ? ಹೌದಾದರೆ ಮೊದಲು ಬಂದದ್ದು ಯಾವುದು? ಆ ಕೊಕ್ಕರೆ ಎಲ್ಲಿಂದ ಬಂತು? ಬಲ್ಲವರು ತಿಳಿಸಬೇಕೆಂದು ವಿನಂತಿ.

ಉತ್ತರ (ಮಲ್ಲೇಶ್ವರದ ಹಳೆಗಾಡಿ):

ಎರಡೂ ಒಂದೇ ಮನೆತನದವು, ಮೊದಲು ಬಂದದ್ದು ಕಾರು. 1904ರಲ್ಲಿ ಬಾರ್ಸಿಲೋನಾದಲ್ಲಿ ದಾಮಿಯಾನ್ ಮಾತೆಯು ಎಂಬ ಉದ್ಯಮಿ ಮುಂದೆ ನಿಂತು, ಜಿನೀವಾದ ಎಂಜಿನಿಯರ್ ಮಾರ್ಕ್ ಬಿರ್ಕಿಗ್ಟ್ ಅವರಿಗೆ ವಿನ್ಯಾಸದ ಹೊಣೆ ಒಪ್ಪಿಸಿ ಈ ಕಾರ್ಖಾನೆಯನ್ನು ಕಟ್ಟಿಸಿದರು. ಬಂಡವಾಳ ಸ್ಪೇನಿನದು, ವಿನ್ಯಾಸ ಸ್ವಿಸ್ ಎಂಜಿನಿಯರನದು, ಹೆಸರೂ ಅದನ್ನೇ ಹೇಳುತ್ತದೆ. ಸ್ಪೇನಿನ ದೊರೆ ಹದಿಮೂರನೆಯ ಅಲ್ಫೋನ್ಸೊ ಈ ಕಾರುಗಳನ್ನು ಬಹಳ ಮೆಚ್ಚಿದ್ದರು, ಒಂದು ಮಾದರಿಗೆ ಅವರ ಹೆಸರನ್ನೇ ಇಡಲಾಯಿತು. ಆದರೆ ದುಬಾರಿ ಕಾರು ಕೊಳ್ಳುವವರು ಹೆಚ್ಚಾಗಿ ಫ್ರಾನ್ಸಿನಲ್ಲಿದ್ದುದರಿಂದ 1911ರಲ್ಲಿ ಪ್ಯಾರಿಸ್ ಪಕ್ಕದ ಲೆವಾಲ್ವಾ-ಪೆರೆಯಲ್ಲಿ ಇನ್ನೊಂದು ಕಾರ್ಖಾನೆ ತೆರೆದು, ಬಳಿಕ ಅದನ್ನು ಬ್ವಾ-ಕೊಲೋಂಬ್‌ಗೆ ಸಾಗಿಸಿದರು.

ಕಂಪನಿಯ ಹಣೆಬರಹ ಬದಲಾದದ್ದು ಮೊದಲ ಮಹಾಯುದ್ಧದಲ್ಲಿ. ಆಗಿನ ಅನೇಕ ಯುದ್ಧವಿಮಾನಗಳಲ್ಲಿ ರೋಟರಿ ಎಂಜಿನ್ ಇರುತ್ತಿತ್ತು. ಅದರಲ್ಲಿ ಪಿಸ್ಟನ್‌ಗಳು ಜೋಡಿಕೊಂಡಿರುವ ಅಚ್ಚು, ಅಂದರೆ ಕ್ರ್ಯಾಂಕ್‌ಶಾಫ್ಟ್, ನಿಶ್ಚಲವಾಗಿದ್ದು, ಸಿಲಿಂಡರ್‌ಗಳೇ ಪ್ರೊಪೆಲರ್ ಜೊತೆ ಗಿರಗಿರನೆ ತಿರುಗುತ್ತಿದ್ದವು. ತಿರುಗುವುದರಿಂದಲೇ ತಂಪಾಗುವ ಆ ಎಂಜಿನ್ ಹಗುರವಾಗಿದ್ದರೂ, ಶಕ್ತಿ ಹೆಚ್ಚಿಸುತ್ತ ಹೋದಂತೆ ಗಾಳಿಯನ್ನು ಸೀಳುವುದಕ್ಕೇ ಬಹಳಷ್ಟು ಶಕ್ತಿ ವ್ಯಯವಾಗುತ್ತಿತ್ತು. ನೀರಿನಿಂದ ತಂಪಾಗುವ ಎಂಜಿನ್‌ಗಳಲ್ಲಿ ಆ ಕಷ್ಟವಿರಲಿಲ್ಲ, ಆದರೆ ಸಿಲಿಂಡರ್‌ಗಳನ್ನು ಒಂದೊಂದಾಗಿ ಮಾಡಿ ಜೋಡಿಸುತ್ತಿದ್ದುದರಿಂದ ಅವು ಭಾರವಾಗಿದ್ದವು. ಬಿರ್ಕಿಗ್ಟ್ ನಾಲ್ಕು ನಾಲ್ಕು ಸಿಲಿಂಡರ್‌ಗಳನ್ನು ಒಂದೇ ಅಲ್ಯೂಮಿನಿಯಂ ಬ್ಲಾಕಿನಲ್ಲಿ ಎರಕ ಹೊಯ್ದು, ಒಳಗೆ ಉಕ್ಕಿನ ಲೈನರ್‌ಗಳನ್ನು (ಪಿಸ್ಟನ್ ಓಡಾಡುವ ಕೊಳವೆಗಳನ್ನು) ತಿರುಪಿ ಕೂರಿಸಿ, ಎರಡು ಬ್ಲಾಕುಗಳನ್ನು ‘ವಿ’ ಆಕಾರದಲ್ಲಿ ನಿಲ್ಲಿಸಿದರು. ಬ್ಲಾಕಿನ ನೆತ್ತಿಯ ಮೇಲಿನ ಕ್ಯಾಮ್‌ಶಾಫ್ಟ್ ವಾಲ್ವ್‌ಗಳನ್ನು ನೇರವಾಗಿ ಒತ್ತುತ್ತಿತ್ತು, ಇಡೀ ಏರ್ಪಾಟು ಎಣ್ಣೆ ಸೋರದಂತೆ ಮುಚ್ಚಿತ್ತು. 11.76 ಲೀಟರಿನ ಆ ಎಂಟು ಸಿಲಿಂಡರ್ ಎಂಜಿನ್ ಆರಂಭದಲ್ಲೇ ಸುಮಾರು 150 ಅಶ್ವಶಕ್ತಿ ಕೊಟ್ಟಿತು. ಫ್ರೆಂಚರ ಸ್ಪ್ಯಾಡ್ 7, ಬ್ರಿಟಿಷರ ಎಸ್‌ಇ5 ವಿಮಾನಗಳು ಹಾರಿದ್ದು ಇದರ ಬಲದಿಂದ. ಪರವಾನಗಿ ಪಡೆದ ಬೇರೆ ಕಾರ್ಖಾನೆಗಳನ್ನೂ ಸೇರಿಸಿದರೆ ಒಟ್ಟು ಸುಮಾರು 50,000 ಎಂಜಿನ್‌ಗಳು ತಯಾರಾದವು.

ಕೊಕ್ಕರೆಯೂ ಅಲ್ಲಿಂದಲೇ ಬಂದದ್ದು. ಸ್ಪ್ಯಾಡ್ ಹಾರಿಸಿ ಹೆಸರಾದ ಫ್ರೆಂಚ್ ಪೈಲಟ್ ಜಾರ್ಜ್ ಗಿನೆಮೇರ್ ಅವರ ದಳದ ಲಾಂಛನ ಹಾರುವ ಬಿಳಿ ಕೊಕ್ಕರೆ. ನಮ್ಮ ಕೊಕ್ಕರೆ ಬೆಳ್ಳೂರಿಗೆ ಬರುವ ಬಣ್ಣದ ಕೊಕ್ಕರೆಯ ಸಂಬಂಧಿ ಅದು. 1917ರ ಸೆಪ್ಟೆಂಬರಿನಲ್ಲಿ ಗಿನೆಮೇರ್ ಹಾರಾಟಕ್ಕೆ ಹೋದವರು ಮರಳಲಿಲ್ಲ. ಯುದ್ಧ ಮುಗಿದ ಮೇಲೆ 1919ರ ಪ್ಯಾರಿಸ್ ಪ್ರದರ್ಶನಕ್ಕೆ ಬಂದ ಎಚ್6 ಕಾರು ಆ ಹಕ್ಕಿಯನ್ನು ಹೊತ್ತಿತು.

ಎಚ್6ರ 6.6 ಲೀಟರಿನ ಆರು ಸಿಲಿಂಡರ್ ಎಂಜಿನ್ ವಿಮಾನದ ಎಂಜಿನ್‌ನ ಪದ್ಧತಿಯಲ್ಲೇ ತಯಾರಾದದ್ದು: ಅದೇ ಅಲ್ಯೂಮಿನಿಯಂ ಬ್ಲಾಕ್, ಅದೇ ತಿರುಪಿನ ಲೈನರ್. ನಾಲ್ಕು ಚಕ್ರಗಳಿಗೂ ಬ್ರೇಕ್ ಇತ್ತು, ಓಡುವ ಕಾರಿನ ಚಲನೆಯಿಂದಲೇ ಬಲ ಪಡೆದು ಬ್ರೇಕನ್ನು ಒತ್ತುವ ಸರ್ವೋ ವ್ಯವಸ್ಥೆಯೂ ಇತ್ತು. ರೋಲ್ಸ್-ರಾಯ್ಸ್ ಅಂಥ ಕಂಪನಿಯೇ ಆ ಬ್ರೇಕಿಗೆ ಪರವಾನಗಿ ಪಡೆಯಿತೆಂಬುದನ್ನು ಕಾರು ಪ್ರಿಯರು ನೆನಪಿಡಬೇಕು.

ಉತ್ತರ (ಪೀಣ್ಯದ ಫೌಂಡ್ರಿ):

ಮೇಲಿನವರು ಒಂದೇ ಸಾಲಿನಲ್ಲಿ ಹೇಳಿದ ‘ಎರಕ’ದ ಬಗ್ಗೆ ನಾನು ಎರಡು ಮಾತು ಸೇರಿಸಲೇಬೇಕು, ಏಕೆಂದರೆ ಇಪ್ಪತ್ತು ವರ್ಷಗಳಿಂದ ನನ್ನ ಕೆಲಸ ಅಲ್ಯೂಮಿನಿಯಂ ಎರಕವೇ. ನೀರು ಹರಿಯುವ ಟೊಳ್ಳುಗಳಿರುವ ಬ್ಲಾಕ್ ಹೊಯ್ಯುವಾಗ ಟೊಳ್ಳಿನ ಆಕಾರ ಕೊಡಲು ಒಳಗಿಡುವ ಮರಳಿನ ಕೋರ್ ಕೂದಲೆಳೆಯಷ್ಟು ಜರುಗಿದರೂ ಒಂದು ಕಡೆಯ ಗೋಡೆ ತೆಳುವಾಗುತ್ತದೆ. ಕೋರ್ ಸರಿಯಾಗಿದ್ದರೂ ಲೋಹದಲ್ಲಿ ಕಣ್ಣಿಗೆ ಕಾಣದ ಸೂಕ್ಷ್ಮ ರಂಧ್ರಗಳು ಉಳಿದು ನೀರು ಜಿನುಗುತ್ತದೆ. ಇಂದಿನ ಉಪಕರಣಗಳಿದ್ದೂ ನಮ್ಮಲ್ಲಿ ಬ್ಲೋ ಹೋಲ್‌ನಿಂದ (ಲೋಹದಲ್ಲಿ ಉಳಿಯುವ ಗಾಳಿಗುಳ್ಳೆಯಿಂದ) ತಿರಸ್ಕೃತವಾಗುವ ಎರಕ ಕಡಿಮೆಯೇನಲ್ಲ. ಹಿಸ್ಪಾನೋದವರು ಬ್ಲಾಕಿಗೆ ಒತ್ತಡದಲ್ಲಿ ಎನಾಮಲ್ ತುಂಬಿ, ಒಲೆಯಲ್ಲಿ ಬೇಯಿಸಿ ಆ ರಂಧ್ರಗಳನ್ನು ಮುಚ್ಚುತ್ತಿದ್ದರು. ನೂರು ವರ್ಷಗಳ ಹಿಂದೆ, ಯುದ್ಧದ ಅವಸರದ ನಡುವೆ, ಇದನ್ನು ಸಾವಿರಗಟ್ಟಲೆ ಮಾಡಿದ ಕೈಗಳಿಗೆ ನಾನು ಮನಸಾರೆ ನಮಸ್ಕರಿಸುತ್ತೇನೆ.

ಎಲ್ಲವೂ ಸುಸೂತ್ರವಾಗಿ ನಡೆಯಲಿಲ್ಲ ಎಂಬುದನ್ನೂ ಹೇಳಬೇಕು. ಎಂಜಿನ್ನಿನ ವೇಗ ಹೆಚ್ಚಿಸಿ, ಪ್ರೊಪೆಲರ್ ಮಾತ್ರ ನಿಧಾನವಾಗಿ ತಿರುಗುವಂತೆ ಗೇರ್ ಸೇರಿಸಿದ 200 ಅಶ್ವಶಕ್ತಿಯ ಮಾದರಿಯಲ್ಲಿ, ಸರಿಯಾಗಿ ಹದಗೊಳಿಸದ ಗೇರ್‌ಗಳು ಒಡೆದು ದೊಡ್ಡ ತಲೆನೋವಾಯಿತು. ಹಾಗಿದ್ದರೂ ಆ ಗೇರಿನಿಂದ ಒಂದು ಲಾಭವಾಯಿತು. ಪ್ರೊಪೆಲರ್‌ನ ಅಚ್ಚು ಕ್ರ್ಯಾಂಕ್‌ಶಾಫ್ಟ್‌ಗಿಂತ ಮೇಲಕ್ಕೆ ಬಂದುದರಿಂದ, ಟೊಳ್ಳಾದ ಆ ಅಚ್ಚಿನ ಮೂಲಕವೇ 37 ಮಿಲಿಮೀಟರ್ ತೋಪು ಹಾರಿಸುವ ಸ್ಪ್ಯಾಡ್ 12 ಸಾಧ್ಯವಾಯಿತು. 1930ರ ದಶಕದ 36 ಲೀಟರಿನ 12ವೈ ಎಂಜಿನ್ನಿನಲ್ಲೂ ಅದೇ ಉಪಾಯ ಮುಂದುವರಿಯಿತು. ಸೋವಿಯತ್ ಒಕ್ಕೂಟದಲ್ಲಿ ಎಂಜಿನ್ ವಿನ್ಯಾಸಕ ಕ್ಲಿಮೋವ್ ಅವರು ಪರವಾನಗಿ ಪಡೆದ 12ವೈ ಎಂಜಿನ್ನನ್ನೇ ಬೆಳೆಸುತ್ತ ಹೋಗಿ, ಯಾಕ್ ಯುದ್ಧವಿಮಾನಗಳ ಎಂಜಿನ್ ಮಾಡಿದರು.

ಉತ್ತರ (ಕೊಡಗಿನಿಂದ ಬಂದು ಇಂದಿರಾನಗರದಲ್ಲಿರುವವನು):

ಮಿಸ್ಟೇರ್ ವಿಚಾರ ಇನ್ನೂ ಉಳಿದಿದೆ. ಎರಡನೆಯ ಮಹಾಯುದ್ಧದ ಹೊತ್ತಿಗೆ ಫ್ರಾನ್ಸಿನಲ್ಲಿ ಹಿಸ್ಪಾನೋ ಕಾರುಗಳ ತಯಾರಿಕೆ ನಿಂತಿತ್ತು. ಸ್ಪೇನಿನ ವಾಹನ ಕಾರ್ಖಾನೆ 1946ರಲ್ಲಿ ಪೆಗಾಸೊ ಲಾರಿ ಮಾಡುವ ಸರ್ಕಾರಿ ಸಂಸ್ಥೆಯ ಪಾಲಾಯಿತು. ಫ್ರೆಂಚ್ ಕಂಪನಿ ಮಾತ್ರ ರೋಲ್ಸ್-ರಾಯ್ಸ್‌ನಿಂದ ಪರವಾನಗಿ ಪಡೆದು ನೀನ್, ಟೇ ಜೆಟ್ ಎಂಜಿನ್‌ಗಳನ್ನು ಮಾಡಿತು. ಹಿಂದೆ ಇವರ ಬ್ರೇಕನ್ನು ಅವರು ಪಡೆದಿದ್ದರು, ಈಗ ಅವರ ಎಂಜಿನ್ನನ್ನು ಇವರು ಪಡೆದರು. ನಮ್ಮ ವಾಯುಪಡೆಯ ತೂಫಾನಿ ಯುದ್ಧವಿಮಾನದಲ್ಲಿ ಇದ್ದುದು ಹಿಸ್ಪಾನೋ ಮಾಡಿದ ನೀನ್. ಮಿಸ್ಟೇರ್‌ನಲ್ಲಿ ಇದ್ದುದು ಟೇ ಎಂಜಿನ್ನಿನಿಂದ ಬೆಳೆಸಿದ ವೆರ್ಡಾನ್. ನೀವು ಕೇಳಿದ ಮಾತು ಸರಿಯಾಗಿಯೇ ಇದೆ.

ಕೊಡಗಿನವನಾಗಿ ನನಗೆ ಈ ಎಂಜಿನ್ ಮುಖ್ಯವಾಗುವುದು ಅಜ್ಜಮಾಡ ಬೋಪಯ್ಯ ದೇವಯ್ಯನವರಿಂದ. 1965ರ ಸೆಪ್ಟೆಂಬರ್ 7ರಂದು ಸರ್ಗೋಧಾ ದಾಳಿಯಲ್ಲಿ ಸ್ಕ್ವಾಡ್ರನ್ ಲೀಡರ್ ದೇವಯ್ಯನವರು, ತಮ್ಮ ಮಿಸ್ಟೇರ್‌ಗಿಂತ ಬಹಳ ವೇಗದ ಪಾಕಿಸ್ತಾನಿ ಸ್ಟಾರ್‌ಫೈಟರ್ ವಿಮಾನ ಮೇಲೆರಗಿದಾಗ, ಪೆಟ್ಟು ತಿಂದ ವಿಮಾನದಲ್ಲೇ ಎದುರು ತಿರುಗಿ ಅದನ್ನು ಉರುಳಿಸಿ, ತಾವೂ ಮಡಿದರು. ಮರಣೋತ್ತರ ಮಹಾವೀರ ಚಕ್ರ ಸಂದದ್ದು 1988ರಲ್ಲಿ. ಅಣ್ಣನ ಮಗಳಿಗೆ ದಯವಿಟ್ಟು ಇದನ್ನೂ ಹೇಳಿ.

ಉತ್ತರ (ಮಲ್ಲೇಶ್ವರದ ಹಳೆಗಾಡಿ):

ಇನ್ನೊಂದು ಎಳೆ ಬೆಂಗಳೂರಿಗೇ ಬರುತ್ತದೆ. ಸ್ಪೇನಿನ ಹಿಸ್ಪಾನೋದ ವಿಮಾನ ವಿಭಾಗದಿಂದ ಹುಟ್ಟಿದ ಸೆವಿಯಾದ ಕಂಪನಿಯಲ್ಲಿ ಜರ್ಮನ್ ವಿಮಾನ ವಿನ್ಯಾಸಕ ಮೆಸ್ಸರ್‌ಸ್ಮಿಟ್ ಅವರು ಎಚ್‌ಎ-300 ಎಂಬ ಜೆಟ್ ವಿಮಾನವನ್ನು ರೂಪಿಸಿದರು, ಬಳಿಕ ಆ ಯೋಜನೆ ಈಜಿಪ್ಟಿಗೆ ಹೋಯಿತು. 1964ರ ಮಾರ್ಚ್ 7ರಂದು ಅದನ್ನು ಮೊದಲು ಹಾರಿಸಿದವರು ಭಾರತದ ಕಪಿಲ್ ಭಾರ್ಗವ. ಅದಕ್ಕೆಂದು ಈಜಿಪ್ಟ್ ತಯಾರಿಸುತ್ತಿದ್ದ ಇ-300 ಎಂಜಿನ್ನನ್ನು 1967ರಲ್ಲಿ ಗಾಳಿಯಲ್ಲಿ ಪರೀಕ್ಷಿಸಿದ್ದು ಎಚ್‌ಎಎಲ್‌ನ ಎಚ್‌ಎಫ್-24 ಮಾರುತ್ ವಿಮಾನದಲ್ಲಿ.

ಪ್ರತಿಕ್ರಿಯೆ (ಜಯನಗರದ ಓದುಗ):

ಎಲ್ಲರಿಗೂ ಕೃತಜ್ಞತೆಗಳು. ದೇವಯ್ಯನವರ ವಿಷಯವನ್ನು ಇಂದು ರಾತ್ರಿಯೇ ಹುಡುಗಿಗೆ ಓದಿ ಹೇಳಿದೆ. ಮಾರುತ್ ವಿಮಾನವನ್ನು ಈ ಸಲ ಹತ್ತಿರದಿಂದ ನೋಡಬೇಕೆಂದು ಅವಳು ಹಟ ಹಿಡಿದಿದ್ದಾಳೆ; ಬರುವ ಭಾನುವಾರ ಮತ್ತೆ ಹೋಗುತ್ತಿದ್ದೇವೆ.